ಎತ್ತಿನ ಹಗ್ಗ

ಎಂಬತ್ತರ ದಶಕದ ಆರಂಭ. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿ ಏಳುತ್ತಿತ್ತು. ನಾನು ಗುತ್ತಿಗೆದಾರನೊಬ್ಬನ ಸ್ಟೋರಿನಲ್ಲಿ ಗುಮಾಸ್ತ. ಮೇಲೆ ಹತ್ತುವವರಿಗೆ ಬೆಳಿಗ್ಗೆ, ಕಾಲು ಜಾರಿದರೆ ಹಿಡಿಯುವ ಹಗ್ಗವಿದ್ದ ಸೊಂಟದ ಬೆಲ್ಟ್ ಕೊಟ್ಟು ಸಂಜೆ ವಾಪಸು ಪಡೆಯುವುದು ನನ್ನ ಕೆಲಸ. ಹಗ್ಗದ ತುದಿಯ ಕೊಂಡಿಯನ್ನಷ್ಟೇ ತೆರೆದು ಮುಚ್ಚಿ ನೋಡುತ್ತಿದ್ದೆ. ಹಗ್ಗಗಳಿಗೆ ಗ್ರೀಸು ಮೆತ್ತಿರುತ್ತಿತ್ತು, ಮುಟ್ಟಲು ನನಗೆ ಹೇಸಿಕೆ.

ಒಂದು ಸಂಜೆ ಮಲ್ಲಟ ಎಂಬ ಹಳ್ಳಿಯ ವೆಲ್ಡರ್ ಒಬ್ಬ ತಂದ ಬೆಲ್ಟಿನ ಹಗ್ಗ ಅಕಸ್ಮಾತ್ ಕೈಗೆ ಒರಟಾಗಿ ತಾಗಿತು. ಉಜ್ಜಿ ನೋಡಿದರೆ ನೈಲಾನ್ ಅಲ್ಲ, ಪುಂಡಿಗಿಡದ ನಾರು! ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಹೇಳಿದ, "ಎತ್ತು ದಿನಾ ಹಗ್ಗ ಹರಕೊಂಡು ಹೋಗ್ತಿತ್ರಿ. ನಿಮ್ಮ ಹಗ್ಗ ಅದಕ್ಕ ಕಟ್ಟೀನಿ. ಇದು ನಮ್ಮಪ್ಪ ಹೊಸೆದದ್ದರಿ."

ಎತ್ತೇ ಹರಿದ ಹಗ್ಗ ನಿನ್ನನ್ನು ಹಿಡಿಯುತ್ತದೇನು ಎಂದು ಕೇಳಿದೆ.

"ನಾ ಎತ್ತಿನಷ್ಟು ತೂಕ ಇಲ್ಲಲ್ರಿ."

ನಗುವುದೋ ಅಳುವುದೋ ತಿಳಿಯಲಿಲ್ಲ. ಅವನಷ್ಟೇ ತೂಕದ ಮರಳಿನ ಚೀಲಕ್ಕೆ ಆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಅಟ್ಟಣಿಗೆಯ ಪೈಪಿಗೆ ಕಟ್ಟಿ, ಚೀಲವನ್ನು ಮೇಲಿನಿಂದ ತಳ್ಳಿಸಿದೆ. ಹಗ್ಗ ಪಟ್ಟನೆ ಹರಿಯಿತು. ಚೀಲ ಒಡೆದು ಮರಳು ಚೆಲ್ಲಿತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

"ಮೂರು ತಿಂಗಳು ಇದನ್ನ ಕಟಗೊಂಡು ಹತ್ತೀನ್ರಿ," ಎಂದ.

ನನ್ನ ಸಿಟ್ಟು ಜರ್ರನೆ ಇಳಿಯಿತು. ಆ ಮೂರು ತಿಂಗಳೂ ಆ ಬೆಲ್ಟನ್ನು ಪ್ರತಿ ಸಂಜೆ ಕೈಯಲ್ಲಿ ಹಿಡಿದವನು ನಾನೇ. ಅವನದು ತಿಳಿಯದ ತಪ್ಪು, ನನ್ನದು ಸೋಮಾರಿತನ. ಇದನ್ನು ಅವನೆದುರು ಹೇಳುವ ಧೈರ್ಯ ಅಂದು ಬರಲಿಲ್ಲ.

ಮೂರನೆಯ ದಿನ ಅವನ ಜೊತೆ ಅಪ್ಪನೇ ಬಂದ. ನೈಲಾನ್ ಹಗ್ಗವನ್ನು ತೊಳೆದು, ಸುತ್ತಿ, ಟವೆಲ್ಲಿನಲ್ಲಿ ಕಟ್ಟಿ ತಂದಿದ್ದ. ಹರಿದ ಪುಂಡಿಹಗ್ಗ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ತುದಿಯ ನಾರನ್ನು ಬೆರಳಲ್ಲಿ ಬಿಡಿಸುತ್ತ ನಿಂತ.

"ಇದು ದನಕ್ಕಂತ ಹೊಸೆದದ್ದರಿ. ಮಗನಿಗಂತ ಅಲ್ಲ."

ಎತ್ತು ಜಗ್ಗಿದ ನೈಲಾನ್ ಹಗ್ಗವನ್ನು ಮತ್ತೆ ಮನುಷ್ಯನ ಬೆಲ್ಟಿಗೆ ಹಾಕುವಂತಿರಲಿಲ್ಲ. ಅದನ್ನು ಎತ್ತಿಗೇ ಇರಲಿ ಎಂದು ಅಪ್ಪನಿಗೆ ಕೊಟ್ಟು, ಮಗನಿಗೆ ಹೊಸ ಬೆಲ್ಟ್ ತೆಗೆದೆ. ಮಗ ಕೈ ಚಾಚುವ ಮೊದಲೇ ಅಪ್ಪ ಅದನ್ನು ಇಸಿದುಕೊಂಡ. ಹಗ್ಗವನ್ನು ಗೇಣು ಗೇಣಾಗಿ ಹಿಸುಕಿ, ಹೊಲಿಗೆಯ ಮೇಲೆ ಉಗುರಾಡಿಸಿ, ಕೊಂಡಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ಜಗ್ಗಿದ. ಆಮೇಲೆ ಮಗನ ಸೊಂಟಕ್ಕೆ ತಾನೇ ಕಟ್ಟಿದ.

ಬೆಲ್ಟ್ ನೋಡುವುದು ಹೇಗೆಂದು ನಾನು ಕಲಿತದ್ದು ಅವತ್ತು.