ಪಟ್ಟಿಯಲ್ಲಿಲ್ಲದ ಆಲ್ಫಿಯಸ್ ಗ್ರೀರ್

ಇಂಡಿಯಾನಾದ ನಮ್ಮ ಊರಿನಲ್ಲಿ ಕಪ್ಪು ಜನರಿಗೆ ಇದ್ದದ್ದು ಒಂದೇ ಕ್ಷೌರದಂಗಡಿ, ಆಲ್ಫಿಯಸ್ ಗ್ರೀರ್ ಅವರದು. ಅವರ ಪಕ್ಕದ ಕುರ್ಚಿಯಲ್ಲಿ ನಾನು ಹತ್ತೊಂಬತ್ತು ವರ್ಷ ಕತ್ತರಿ ಹಿಡಿದೆ. ಬಲು ಎತ್ತರದ ಆಳು. ಗಿರಾಕಿಗಳ ತಲೆಗೆ ಬಗ್ಗಿ ಬಗ್ಗಿ ಬೆನ್ನು ಬಾಗಿಹೋಗಿತ್ತು. 1931ರಲ್ಲಿ ಊರಿನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನಮ್ಮ ಪೈಕಿ ಇದ್ದವರು ಅವರೊಬ್ಬರೇ. ಅತಿ ಹೆಚ್ಚು ಪಾಯಿಂಟ್ ತಂದವರೂ ಅವರೇ.

ಆ ವರ್ಷದ ಕೊನೆಯ ಪಂದ್ಯ ದಕ್ಷಿಣದ ಒಂದು ಊರಿನಲ್ಲಿತ್ತು. ಕರಿಯನಿದ್ದರೆ ಆಡುವುದಿಲ್ಲವೆಂದು ಅಲ್ಲಿಯವರು ಹಟ ಹಿಡಿದರು. ಕೋಚ್ ಗ್ರೀರ್ ಅವರನ್ನು ನಮ್ಮ ಊರಿನ ರೈಲು ನಿಲ್ದಾಣದಲ್ಲೇ ಬಿಟ್ಟುಹೋದ. ತಂಡ ಎರಡು ಪಾಯಿಂಟ್‌ಗಳಿಂದ ಗೆದ್ದಿತು. ವಾಪಸು ಬರುವಾಗ ಎಲ್ಲರೂ ರೈಲಿನಲ್ಲಿ ಹಾಡಿದರಂತೆ.

ಆಗೆಲ್ಲ ಇಡೀ ದೇಶಕ್ಕೊಂದು ಚಾಂಪಿಯನ್ ಎಂಬುದಿರಲಿಲ್ಲ. ಇಪ್ಪತ್ತೇಳು ವರ್ಷಗಳ ಮೇಲೆ ಯಾವುದೋ ಸಮಿತಿ ಹಳೆಯ ಪತ್ರಿಕೆಗಳನ್ನು ತಿರುವಿಹಾಕಿ, ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ನಮ್ಮ ಕಾಲೇಜೇ ಎಂದು ಘೋಷಿಸಿತು. ಆ ಪಟ್ಟ ತನ್ನದೆಂದು ಒಹಾಯೊದ ಇನ್ನೊಂದು ಕಾಲೇಜು ತಕರಾರು ತೆಗೆಯಿತು. ನಮ್ಮವರು ಆಧಾರಕ್ಕೆ ಆ ಕೊನೆಯ ಪಂದ್ಯದ ಅಂಕಪಟ್ಟಿಯನ್ನು ಮುಂದಿಟ್ಟರು. ಪದಕಗಳನ್ನು ಮಾಡಿಸಿದ್ದೂ ಅದರಲ್ಲಿದ್ದ ಒಂಬತ್ತು ಜನರಿಗೇ.

ಚಾಂಪಿಯನ್ ಎಂದು ಘೋಷಿಸಿದ ಸುದ್ದಿ ಬಂದ ದಿನ ಗಿರಾಕಿಯೊಬ್ಬ ಕೇಳಿದ: "ಏನಣ್ಣ, ಚಾಂಪಿಯನ್ ಕೈಲಿ ಕಟಿಂಗ್ ಮಾಡಿಸ್ಕೊಂಡ್ರೆ ರೇಟು ಜಾಸ್ತೀನಾ?"

"ತಲೆ ಅಲ್ಲಾಡಿಸ್ಬೇಡ, ಕಿವಿ ಹೋದೀತು" ಎಂದು ಗ್ರೀರ್ ನಕ್ಕರು.

ಪದಕ ಕೊಡುವ ಸಮಾರಂಭಕ್ಕೆ ಆಮಂತ್ರಣ ಬರುತ್ತದೆಂದು ಎರಡು ವಾರ ಸೂಟಿಗೆ ಇಸ್ತ್ರಿ ಮಾಡಿ ನೇತುಹಾಕಿದ್ದರೆಂದು ಅವರ ಹೆಂಡತಿ ಓಫೀಲಿಯಾ ನನಗೆ ಹೇಳಿದ್ದು ಆಮೇಲೆ.

ಸಮಾರಂಭದ ಮರುದಿನ ಬೆಳಿಗ್ಗೆ ವರ್ನ್ ಹಾಸ್ಕಿನ್ಸ್ ಬಂದ. ಅಂದಿನ ತಂಡದ ನಾಯಕ, ಈಗ ಊರಿನಲ್ಲಿ ಕಬ್ಬಿಣದ ಸಾಮಾನು ಮಾರುವವ. ಬಿಳಿಯನೊಬ್ಬ ನಮ್ಮ ಬಾಗಿಲು ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತನ್ನ ಪದಕವನ್ನು ತೆಗೆದು ಕನ್ನಡಿಯ ಕೆಳಗಿಟ್ಟ.

"ಇದು ನಿಂದು, ಆಲ್ಫಿ. ನೀನಿಲ್ದೆ ನಾವು ಅಲ್ಲೀತನಕ ಹೋಗ್ತಾನೇ ಇರ್ಲಿಲ್ಲ."

"ತಗೊಂಡ್ಹೋಗು, ವರ್ನ್."

"ಕಾಲೇಜಿನವ್ರಿಗೆ ಹೇಳ್ದೆ ಕಣೋ. ಪಟ್ಟೀಲಿ ಹೆಸ್ರಿಲ್ಲ, ಏನೂ ಮಾಡಕ್ಕಾಗಲ್ಲ ಅಂದ್ಬಿಟ್ರು."

"ಈಗ ಹೇಳ್ದೆ. ಅವತ್ತು ಸ್ಟೇಷನ್ನಲ್ಲಿ ನನ್ನ ಬ್ಯಾಗು ತಂದು ಕೈಗೆ ಕೊಟ್ಟೆಯಲ್ಲ, ಆಗ ಒಂದು ಮಾತು ಹೇಳಿದ್ರೆ ಸಾಕಿತ್ತು. ಗೆಲ್ಲೋದೂ ಬೇಕಿರ್ಲಿಲ್ಲ ನಂಗೆ."

ವರ್ನ್ ಪದಕವನ್ನು ಜೇಬಿಗೆ ಹಾಕಿಕೊಂಡು ಹೋದ. ಗ್ರೀರ್ ಮುಂದಿನ ಗಿರಾಕಿಯನ್ನು ಕರೆದು ಕೂರಿಸಿದರು. ಆದರೆ ಅರ್ಧಕ್ಕೇ ಕತ್ತರಿ ಕೆಳಗಿಟ್ಟರು. ಆ ತಲೆ ನಾನೇ ಮುಗಿಸಿದೆ.

ಮುಂದಿನ ಮಾರ್ಚ್‌ನಲ್ಲಿ ಗ್ರೀರ್ ಹೃದಯಾಘಾತವಾಗಿ ತೀರಿಕೊಂಡರು. ಐವತ್ತು ತುಂಬಿರಲಿಲ್ಲ. ಚರ್ಚಿನಲ್ಲಿ ವರ್ನ್ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಓಫೀಲಿಯಾ ಅವನ ಬಳಿಗೇ ನಡೆದುಹೋದರು.

"ಹಿಂದೆ ಯಾಕೆ ಕೂತ್ರಿ? ಜೊತೇಲಿ ಆಡ್ದೋರು. ಬನ್ನಿ, ಹೆಗಲು ಕೊಡಿ."

ಶವಪೆಟ್ಟಿಗೆಯ ಎಡಗಡೆ ಅವನು ನನ್ನ ಮುಂದಿದ್ದ. ಮೆಟ್ಟಿಲಿಳಿಯುವಾಗ ಬಿಕ್ಕುತ್ತಿದ್ದುದು ಕೇಳಿಸಿತು. ಆ ಒಂಬತ್ತು ಜನರಲ್ಲಿ ಇನ್ನೂ ನಾಲ್ವರು ನಮ್ಮ ಊರಿನಲ್ಲೇ ಇದ್ದರು. ಯಾರೂ ಬರಲಿಲ್ಲ.