ರಂಪಣಿಯ ಹಗ್ಗ, ಒಣಮೀನಿನ ಪುಡಿ

ಫೆಬ್ರವರಿಯಲ್ಲಿ ತೂಕ ಇಳಿಸುವ ಆಪರೇಷನ್‌ಗೆಂದು ಮಣಿಪಾಲದ ಆಸ್ಪತ್ರೆ ಸೇರಿದ ದಿನ ನಾನು ನೂರ ಮೂವತ್ತೊಂದು ಕಿಲೋ ಇದ್ದೆ. ಚಂದ ಕಾಣಬೇಕೆಂಬ ಆಸೆ ಇರಲೇ ಇಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಮುಖ್ಯ ಕಾರಣ ಅದಲ್ಲ. ನನಗೆ ಹಗ್ಗ ಎಳೆಯಬೇಕಿತ್ತು.

ಕಾಪುವಿನ ನಮ್ಮ ತೀರದಲ್ಲಿ ಕೆಲವು ಮನೆಗಳು ಸೇರಿ ನಡೆಸುವ ಕೈರಂಪಣಿ ಫಂಡು ಇದೆ. ದೋಣಿ ಹೋಗಿ ಬಲೆಯನ್ನು ನೀರಿನಲ್ಲಿ ಸುತ್ತ ಬಿಟ್ಟು ಬಂದ ಮೇಲೆ, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಲ್ಲರೂ ಎಳೆಯುತ್ತಾರೆ. ಮನೆಗೊಬ್ಬ ಆಳು, ಮನೆಗೊಂದು ಪಾಲು. ಅಪ್ಪನ ಭುಜ ಕೆಟ್ಟ ಮೇಲೆ ಎರಡು ವರ್ಷ ಕೂಲಿಯವನನ್ನು ನಿಲ್ಲಿಸಲು ಫಂಡಿನವರು ಒಪ್ಪಿದರು. ಮೂರನೆಯ ವರ್ಷ ಮನೆಯವರೇ ಬರಬೇಕು, ಇಲ್ಲದಿದ್ದರೆ ಕಾಯುತ್ತಿರುವ ಇನ್ನೊಂದು ಮನೆಗೆ ಆ ಜಾಗ. ಅಕ್ಕ ಮದುವೆಯಾಗಿ ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿದ್ದಾಳೆ. ಉಳಿದವನು ನಾನೊಬ್ಬ, ಐಸ್ ಪ್ಲಾಂಟಿನಲ್ಲಿ ಕುಳಿತು ಲೆಕ್ಕ ಬರೆಯುವವನು.

ಆಪರೇಷನ್‌ಗೂ ಹಿಂದೆ ಒಂದು ಬೆಳಿಗ್ಗೆ ಹಗ್ಗ ಹಿಡಿದು ನೋಡಿದ್ದೆ. ಅರ್ಧಕ್ಕೇ ಉಸಿರು ಕಟ್ಟಿ ಮರಳಿನ ಮೇಲೆ ಕುಳಿತುಬಿಟ್ಟೆ. "ಬಲೆ ಇನ್ನೂ ನೀರಲ್ಲಿ ಉಂಟು ಮಾರಾಯ, ತಿಮಿಂಗಿಲ ಆಗಲೇ ದಡಕ್ಕೆ ಬಂತು" ಎಂದು ಒಬ್ಬರು ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಪರೇಷನ್ ಆದ ಮೇಲೆ ಆಹಾರತಜ್ಞೆ ಒಂದು ಚಾರ್ಟ್ ಕೊಟ್ಟರು. ದಿನಕ್ಕೆ ಎಪ್ಪತ್ತು ಗ್ರಾಂ ಪ್ರೊಟೀನ್ ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನನ್ನ ಹೊಸ ಹೊಟ್ಟೆಗೆ ಒಮ್ಮೆಗೆ ಹಿಡಿಯುವುದು ಅರ್ಧ ಲೋಟ. ಹಾಲು ಕುಡಿದರೆ ಭೇದಿ, ಡಬ್ಬಿಯ ಪುಡಿ ಕುಡಿದರೆ ವಾಂತಿ. ಚಾರ್ಟಿನಲ್ಲಿ 'ಬೇಯಿಸಿದ ಮೀನು, ಸಣ್ಣ ತುಂಡು' ಎಂದೂ ಇತ್ತು. ಮೀನು ಮಾರುವ ಅಮ್ಮನಿಗೆ ಅಷ್ಟು ಸಾಕಾಯಿತು.

"ಮನೆ ಎದುರು ಸಮುದ್ರ ಉಂಟು, ಡಬ್ಬಿ ಎಂತಕ್ಕೆ?" ಎಂದಳು.

ಕೊಲ್ಲತರು ಎಂಬ ಬೆರಳುದ್ದದ ಮೀನನ್ನು ಅವಳು ಪ್ರತಿ ಬೇಸಿಗೆಯಲ್ಲೂ ಒಣಗಿಸಿಡುತ್ತಾಳೆ. ಅದರ ಉಪ್ಪು ತೊಳೆದು, ಮತ್ತೆ ಒಣಗಿಸಿ, ಹುರಿದು, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದಳು. ಗಂಜಿಯ ತಿಳಿಗೆ ಮೂರು ಹೊತ್ತೂ ಆ ಪುಡಿ. ಒಣಗಿಸಿದರೆ ನೀರು ಹೋಗಿ ಪ್ರೊಟೀನ್ ಮಾತ್ರ ಉಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವನು ನಾನೇ. ಹೊಟ್ಟೆ ಅದನ್ನು ಒಪ್ಪಿಕೊಂಡಿತು. ತಿಂದದ್ದನ್ನು, ತೂಕವನ್ನು ಬರೆದಿಡುವ ನನ್ನ ಡೈರಿಯಲ್ಲಿ ಪ್ರೊಟೀನ್ ಪ್ರತಿದಿನ ಎಪ್ಪತ್ತು ದಾಟಿತು, ತೂಕ ವಾರವಾರವೂ ಇಳಿಯಿತು. ಏಪ್ರಿಲ್‌ನ ಪುಟಗಳನ್ನು ನೋಡಿದರೆ ಈಗಲೂ ಒಂದು ತಪ್ಪು ಕಾಣುವುದಿಲ್ಲ.

ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ತೀರದಲ್ಲಿ ನಡೆದು ಬಂದ ಮೇಲೆ ಬಲಗಾಲಿನ ಹೆಬ್ಬೆರಳ ಬುಡ ಕೆಂಪಾಗಿ ಊದಿಕೊಂಡಿತು. ಪಂಚೆಯ ಅಂಚು ತಾಗಿದರೂ ಜೀವ ಹೋಗುವಷ್ಟು ನೋವು. ಅಪ್ಪ ಬಗ್ಗಿ ನೋಡಿದರು.

"ತೊರಕೆ ಮುಳ್ಳು ತಾಗಿದ್ದು" ಎಂದರು. ಆಳವಿಲ್ಲದ ನೀರಿನ ಮರಳಿನಲ್ಲಿ ಹುದುಗಿ ಮಲಗುವ ಆ ಮೀನಿನ ಬಾಲದ ಮುಳ್ಳು ನಮ್ಮ ಕಡೆ ಎಲ್ಲರ ಕಾಲಿಗೂ ಒಮ್ಮೆಯಾದರೂ ತಾಗಿರುತ್ತದೆ.

"ಗಾಯವೇ ಇಲ್ಲ ಅಲ್ವಾ?"

"ಮುಳ್ಳು ಒಳಗೆ ಉಂಟು. ಬಿಸಿನೀರಿಗೆ ಕಾಲು ಇಡು."

ಇಟ್ಟೆ. ಒಂದು ವಾರದಲ್ಲಿ ತಾನಾಗಿಯೇ ಇಳಿಯಿತು, ಮುಳ್ಳಿನ ಮಾತು ಎಲ್ಲರಿಗೂ ಖಚಿತವಾಯಿತು. ಮೈ ಸೋತಿದೆ ಎಂದು ಅಮ್ಮ ಪುಡಿಯನ್ನು ಇನ್ನೊಂದು ಚಮಚ ಹೆಚ್ಚಿಸಿದಳು.

ಮಳೆಗಾಲ ಮುಗಿದು ಸೆಪ್ಟೆಂಬರ್‌ನಲ್ಲಿ ಕಡಲು ಶಾಂತವಾದಾಗ ನಾನು ತೊಂಬತ್ತೆರಡು ಕಿಲೋ. ಹಗ್ಗಕ್ಕೆ ನಿಂತೆ. ರಂಪಣಿ ಎಳೆಯುವುದು ಕೈಯಿಂದ ಎಂದು ನೋಡುವವರು ತಿಳಿಯುತ್ತಾರೆ. ಅದು ಕಾಲಿನ ಕೆಲಸ. ಬರಿಗಾಲಿನಲ್ಲಿ ಹಿಂದೆ ಹಿಂದೆ ಹೋಗಬೇಕು, ಪ್ರತಿ ಹೆಜ್ಜೆಗೂ ಹೆಬ್ಬೆರಳನ್ನು ಒದ್ದೆ ಮರಳಿನಲ್ಲಿ ಹೂತು ಅದರ ಮೇಲೆ ಇಡೀ ದೇಹದ ಭಾರ ಹಾಕಬೇಕು. ಮೂರು ಬೆಳಿಗ್ಗೆ ಎಳೆದೆ. ಎರಡನೆಯ ದಿನ, ಹಿಂದೆ ನನ್ನನ್ನು ತಿಮಿಂಗಿಲ ಎಂದವರೇ, "ಅಪ್ಪನ ಹಾಗೇ ಎಳೀತಿ" ಎಂದರು. ಅಪ್ಪ ದೂರದಲ್ಲಿ ದೋಣಿಗೆ ಒರಗಿ ನಿಂತಿದ್ದರು. ಕೇಳಿಸಿತೋ ಇಲ್ಲವೋ, ನಾನು ಕೇಳಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಹಾಸಿಗೆಯಿಂದ ಇಳಿಯಲಾಗಲಿಲ್ಲ. ಎರಡೂ ಹೆಬ್ಬೆರಳು, ಒಂದು ಪಾದದ ಗಂಟು. ಇಬ್ಬರು ಎತ್ತಿ ರಿಕ್ಷಾದಲ್ಲಿ ಕೂರಿಸಿದರು.

ಮಣಿಪಾಲದಲ್ಲಿ ವೈದ್ಯರು ರಕ್ತಪರೀಕ್ಷೆಯ ವರದಿ ನೋಡಿದರು. "ಗೌಟ್, ಗಂಟು ಊದುವ ಕಾಯಿಲೆ. ರಕ್ತದಲ್ಲಿ ಯೂರಿಕ್ ಆಸಿಡ್ ತುಂಬಾ ಉಂಟು. ಎಂತ ತಿಂತಾ ಇದ್ದೀರಿ?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ತೂಕ ಬೇಗ ಇಳಿದರೆ ಯೂರಿಕ್ ಆಸಿಡ್ ಏರಬಹುದು, ನೀರು ಕಡಿಮೆ ಕುಡಿದರೆ ಇನ್ನೂ ಏರುತ್ತದೆ, ಅದರ ಮೇಲೆ ಕೊಲ್ಲತರು, ಬೂತಾಯಿಯಂಥ ಸಣ್ಣ ಮೀನುಗಳೇ ಎಲ್ಲಕ್ಕಿಂತ ಕೆಟ್ಟವು ಎಂದರು.

"ನಾನೇ ಪುಡಿ ಮಾಡಿ ಹಾಕಿದ್ದು" ಎಂದಳು ಅಮ್ಮ. "ಮೀನು ಅಂತ ಬರೆದಿತ್ತು."

"ನೀವು ಒಬ್ಬರೇ ಕಾರಣ ಅಲ್ಲಮ್ಮ. ಪುಡಿ ಇಲ್ಲದಿದ್ದರೂ ಬರಬಹುದಿತ್ತು."

ಅಮ್ಮ ತಲೆಯಾಡಿಸಿದಳು. ನಂಬಿದ ಹಾಗೆ ಕಾಣಲಿಲ್ಲ.

ಬೇರೆಯವರಿಗೆ ಕೊಡುವ ನೋವಿನ ಮಾತ್ರೆ ನನಗೆ ಕೊಡುವಂತಿಲ್ಲ, ಆಪರೇಷನ್ ಆದ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಬೇರೆ ಮಾತ್ರೆ ಬರೆದರು. ಯೂರಿಕ್ ಆಸಿಡ್ ಇಳಿದು ನೋವು ಪೂರ್ತಿ ನಿಲ್ಲಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಮತ್ತೆ ಮತ್ತೆ ಬರಬಹುದು.

"ಹಗ್ಗ ಎಳೆಯಬಹುದಾ?" ಎಂದೆ.

"ಯಾವ ಹಗ್ಗ?"

ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಈ ವರ್ಷ ಬೇಡ" ಎಂದರು.

ಮುಂದಿನ ವಾರ ಫಂಡಿನ ಗುರಿಕಾರರು, ಅಂದರೆ ಹಿರಿಯರು, ಮನೆಗೆ ಬಂದರು. ಜಗಲಿಯಲ್ಲಿ ಕುಳಿತು ಬಹಳ ಹೊತ್ತು ಗಾಳಿಯ ಬಗ್ಗೆ ಮಾತಾಡಿದರು. ಆಮೇಲೆ ನನ್ನ ಕಾಲು ನೋಡಿದರು.

"ನೀನು ಬಂದೆ ಮಗಾ, ಎಳೆದೆ. ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಜಾಗಕ್ಕೆ ಕಾಯುವ ಆ ಮನೆಯವರು ಎಷ್ಟು ವರ್ಷದಿಂದ ಕೇಳ್ತಾ ಇದ್ದಾರೆ, ನಿನ್ನಪ್ಪನಿಗೆ ಗೊತ್ತುಂಟು."

"ಗೊತ್ತುಂಟು" ಎಂದರು ಅಪ್ಪ. "ಕೊಡಿ ಅವರಿಗೆ."

ಅಷ್ಟೇ. ಚಹಾ ಕುಡಿದು ಹೋದರು.

ಬಲೆಯ ಮೀನನ್ನು ಮರಳಿನ ಮೇಲೆ ಮನೆಗೊಂದರಂತೆ ರಾಶಿ ಮಾಡಿ ಹಂಚುವುದು ಪದ್ಧತಿ. ಹಂಚುವ ಮೊದಲು ಒಂದು ಬುಟ್ಟಿ ಬೇರೆ ತೆಗೆದಿಡುತ್ತಾರೆ. ಎಳೆಯಲು ಆಳಿಲ್ಲದ ಮನೆಗಳಿಗೆ, ವಿಧವೆಯರಿಗೆ, ಮುದುಕರಿಗೆ, ಸಾರಿಗೆ ಇರಲಿ ಎಂದು. ಚಿಕ್ಕವನಿದ್ದಾಗ ಆ ಬುಟ್ಟಿಯ ಮೀನನ್ನು ಮನೆಮನೆಗೆ ಕೊಟ್ಟು ಬಂದವರಲ್ಲಿ ನಾನೂ ಒಬ್ಬ. ಅಕ್ಟೋಬರ್‌ನಲ್ಲಿ ದೊಡ್ಡ ಬಲೆ ಬಂದ ದಿನ, ನಮ್ಮ ಜಾಗ ಪಡೆದ ಮನೆಯ ಹೆಂಗಸು ಒಂದು ಚೀಲ ಬೂತಾಯಿ ತಂದು ನಮ್ಮ ಮೆಟ್ಟಿಲ ಮೇಲೆ ಇಟ್ಟಳು.

"ಸಾರಿಗೆ" ಎಂದಳು, ಅಮ್ಮನ ಮುಖ ನೋಡದೆ.

ಅಮ್ಮ ಅಂಗಳದಲ್ಲಿ ಕುಳಿತು ಒಂದೊಂದನ್ನೇ ಹೆರೆದಳು. ಸಾರು ಕುದಿಯುವ ವಾಸನೆ ಮನೆ ತುಂಬಿತು. ಅಪ್ಪ ಎರಡು ತುತ್ತು ಉಂಡು ತಟ್ಟೆ ಸರಿಸಿದರು. ಹೊಟ್ಟೆ ತುಂಬಿತು ಎಂದರು. ನಾನು ಅಕ್ಕ ಕುಕ್ಕುಂದೂರಿನಿಂದ ಕಳುಹಿಸಿದ ಮೊಟ್ಟೆಗಳ ಬಿಳಿಯನ್ನು ಸಣ್ಣ ಸಣ್ಣದಾಗಿ ಅಗಿದೆ. ಮರುದಿನ ಬೆಳಿಗ್ಗೆ ಗೋಡೆ ಹಿಡಿದು ತೂಕದ ಯಂತ್ರದ ಮೇಲೆ ನಿಂತೆ. ಎಂಬತ್ತೊಂಬತ್ತು. ಬರೆದಿಟ್ಟೆ.