ಬೈಗುಳದ ತಾಲೀಮು

ಚಳಿಗಾಲದಲ್ಲಿ ಮೊದಲ ಸಲ ಹೀಟರ್ ಹಾಕಿದಾಗ ಧೂಳು ಸುಟ್ಟ ವಾಸನೆ ಬರುತ್ತದೆ. ಮೊನ್ನೆ ಅದು ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದಲ್ಲಿ ಅಮೆರಿಕದ ಫೇರ್‌ಫ್ಯಾಕ್ಸಿನಲ್ಲಿದ್ದ ನಮ್ಮ ಬಾಡಿಗೆ ಮನೆಯೂ ಮೇಲಿನ ಮಹಡಿಯ ಅಂಕಲ್ಲೂ ನೆನಪಾದರು...

ಅಂಕಲ್ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಕಪ್ಪು ಮನುಷ್ಯ. ಹರೆಯದಲ್ಲಿ, ಕ್ಯಾರೊಲೈನಾದಲ್ಲಿ, ಬಿಳಿಯರಿಗೆ ಮೀಸಲಾದ ಹೋಟೆಲಿನಲ್ಲಿ ಕೋಟು ಟೈ ಧರಿಸಿ ಕಾಫಿ ಕೇಳಿ ಕೂತವರು. ತಲೆಯ ಮೇಲೆ ಕೆಚಪ್ ಸುರಿದರೂ ಮಿಸುಕದವರು. ಗೆಳೆಯನೊಬ್ಬ ಲಾಠಿಯೇಟಿಗೆ ಕಣ್ಣು ಕಳೆದುಕೊಂಡ ಮೇಲೆ ಕೋಟನ್ನೂ ವಿನಂತಿಯನ್ನೂ ಒಟ್ಟಿಗೆ ಕಳಚಿಟ್ಟು, ಅಟ್ಲಾಂಟಾದ ತೀವ್ರಗಾಮಿಗಳನ್ನು ಸೇರಿಕೊಂಡರು. ಎರಡು ಸಲ ಜೈಲನ್ನೂ ಕಂಡು ಬಂದರು. ನಾನಾದರೋ ವೀಸಾದ ಭಯಕ್ಕೆ ಟ್ರಾಫಿಕ್ ಲೈಟಿಗೂ ಕೈಮುಗಿಯುವ ಮೈಸೂರಿನವ.

ಆ ಜನವರಿಯಲ್ಲಿ ಇಡೀ ಕಟ್ಟಡದ ಹೀಟಿಂಗ್ ಕೆಟ್ಟು ಒಂಬತ್ತು ದಿನವಾಗಿತ್ತು. ನಮ್ಮ ಮಗಳಿಗೆ ಆಗಿನ್ನೂ ಒಂದೂವರೆ ತಿಂಗಳು. ಕೇಳಿದಾಗಲೆಲ್ಲ ಕಟ್ಟಡದ ಮ್ಯಾನೇಜರ್ ‘ನಾಳೆ’ ಎನ್ನುತ್ತಿದ್ದ. ಕೊನೆಗೆ ಅಂಕಲ್ ಬಾಡಿಗೆದಾರರನ್ನೆಲ್ಲ ಲಾಂಡ್ರಿ ರೂಮಿನಲ್ಲಿ ಕಲೆಹಾಕಿದರು. ಮರುದಿನ ಅವನ ಆಫೀಸಿನಲ್ಲಿ ಹೋಗಿ ಕೂರುವುದು, ಅವನು ಎಷ್ಟೇ ಬಯ್ದರೂ ಏಳಕೂಡದು. ಅದಕ್ಕೆ ತಾಲೀಮು ಬೇಕಂತೆ.

“ನೀನೇ ಮ್ಯಾನೇಜರ್. ನನ್ನನ್ನು ಬಯ್ಯಿ,” ಎಂದು ನನಗೆ ಅಪ್ಪಣೆಯಾಯಿತು.

“ಸರ್, ದಯವಿಟ್ಟು ಸ್ವಲ್ಪ ಹೊರಗೆ ಹೋಗ್ತೀರಾ?” ಎಂದೆ, ಇಂಗ್ಲಿಷಿನಲ್ಲಿ.

“ಬಯ್ತಾ ಇದ್ದೀಯೋ, ಮದುವೆಗೆ ಕರೀತಾ ಇದ್ದೀಯೋ?”

ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ನಿಂತಿದ್ದ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. “ರೀ, ಮನೇಲಿ ನನ್ ಮೇಲೆ ಕೂಗಾಡ್ತೀರಲ್ಲ, ಅದನ್ನೇ ಮಾಡಿ!”

ಕನ್ನಡದಲ್ಲೇ ಶುರುಮಾಡಿದೆ. “ಯಾವನಯ್ಯ ನೀನು? ಏಳೋ ಮೇಲೆ, ದರಿದ್ರ ಮುಂಡೇದೆ!” ವಾಷಿಂಗ್ ಮೆಷಿನ್ನುಗಳೂ ಬೆಚ್ಚಿರಬೇಕು. ಅಂಕಲ್ ಕಲ್ಲಿನಂತೆ ಕೂತಿದ್ದರು. ನನಗೆ ಉಸಿರು ಮುಗಿದ ಮೇಲೆ, “ಭೇಷ್. ಭಾಷೆ ತಿಳೀಲಿಲ್ಲ, ಮಾನ ಹೋದದ್ದು ಮಾತ್ರ ತಿಳೀತು,” ಎಂದರು.

ಮರುದಿನ ಆಫೀಸಿನ ನೆಲದ ಮೇಲೆ ಹದಿನೇಳು ಮಂದಿ ಕೂತೆವು. ಪೊಲೀಸರನ್ನು ಕರೆಸುತ್ತೇನೆಂದು ಮ್ಯಾನೇಜರ್ ಅರಚಿದ. ನನ್ನ ಮೊಣಕಾಲುಗಳು ತಾವಾಗಿಯೇ ಏಳಲು ಹೊರಟವು...

ಅಂಕಲ್ ದನಿ ಏರಿಸಲಿಲ್ಲ. “ಬೇಡಿಕೊಳ್ಳೋ ಕೆಲಸ ಬಿಟ್ಟು ನಂಗೆ ತುಂಬಾ ವರ್ಷ ಆಯ್ತು. ಮಗೂ ಮನೆ ಬೆಚ್ಚಗಾದಾಗ ಏಳ್ತೀವಿ.”

ನಾನೂ ಏಳದೆ ಕೂತೆ. ಬೈಗುಳದಲ್ಲಂತೂ ಆ ಮ್ಯಾನೇಜರ್ ನನ್ನ ಮಟ್ಟಕ್ಕೆ ಬರಲೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಮೆಕ್ಯಾನಿಕ್ ಬಂದ. ಐದಕ್ಕೆ ಗೋಡೆಯೊಳಗಿನ ಹೀಟಿಂಗ್ ಪೈಪುಗಳು ಮಂಗಳವಾದ್ಯದಂತೆ ಮೊಳಗಿದವು. ನಮ್ಮ ನಡುವೆಯೇ ಕೂತಿದ್ದ ಹೆಂಡತಿ ಮಗುವಿನ ಮೂರು ಟೊಪ್ಪಿಗೆಗಳನ್ನೂ ಒಂದೊಂದಾಗಿ ತೆಗೆದಳು. ಪ್ರತಿ ಟೊಪ್ಪಿಗೆಗೂ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅಂಕಲ್ ತೀರಿಕೊಂಡು ಬಹಳ ವರ್ಷವಾಯಿತು. ನಾನೀಗ ಈ ದೇಶದ ಪ್ರಜೆ. ಮೆಲುಮಾತಿನ ಸಾಧು ಎಂದು ಹೆಸರಾಗಿದ್ದೇನೆ. ನಿಜ ಹೇಳಬೇಕೆಂದರೆ, ಅಷ್ಟೊಂದು ಗೌರವವಿಟ್ಟು ಬಯ್ಯಬಹುದಾದ ಮನುಷ್ಯ ಆಮೇಲೆ ಸಿಗಲಿಲ್ಲ.